ಬಿಡಿಸುವ ಕೆಲಸ

ಶಿಡ್ಲಘಟ್ಟದ ಬಿತ್ತನೆ ಕೋಠಿಯಲ್ಲಿ ನನ್ನದು ಬಿಡಿಸುವ ಕೆಲಸ.
ಬೆಳಗಿನ ಜಾವ ಗೂಡು ತೂತಾಗಿ ಚಿಟ್ಟೆ ಹೊರಬರುತ್ತದೆ,
ರೆಕ್ಕೆಯ ಪಸೆ ಆರುವ ಮೊದಲೇ ಜೋಡಿ ಹುಡುಕುತ್ತದೆ.
ಅವಕ್ಕೆ ಕೊಟ್ಟ ಹೊತ್ತು ನಾಲ್ಕು ಗಂಟೆ.
ಆಮೇಲೆ ನಾವು, ಬಾಯಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು,
ಎರಡನ್ನೂ ಹಿಡಿದು ಮೆಲ್ಲನೆ ಒಂದು ತಿರುವು.
ಗಂಡು ಫ್ರಿಜ್ಜಿಗೆ, ನಾಳೆ ಇನ್ನೊಂದಕ್ಕೆ ಬೇಕು.
ಹೆಣ್ಣು ಕರೀ ಬಟ್ಟಲಿನ ಕೆಳಗೆ, ಮೊಟ್ಟೆಯ ಹಾಳೆ ಮೇಲೆ.
ನಮ್ಮ ಕಣ್ಣುರೆಪ್ಪೆ ತುಂಬ ಅವುಗಳ ಹಿಟ್ಟು.

"ಪಾಪ ಬರಲ್ವಾ ನಮಗೆ?" ಹೊಸತರಲ್ಲಿ ಕೇಳಿದ್ದೆ.
ಜಬೀನ ನಕ್ಕಿದ್ದಳು: "ನಿಕಾ ಮಾಡ್ಸೋರೂ ನಾವೇ,
ತಲಾಖ್ ಕೊಡ್ಸೋರೂ ನಾವೇ.
ದಿನಗೂಲಿಗೆ ಪಾಪ ಅಂಟಲ್ಲ ಬಿಡು."
ರಂಜಾನಿನಲ್ಲಿ ಅವಳಿಗೆ ಹಗಲಿಗೆ ಮಾತ್ರ ಬೇಲಿಯಂತೆ,
ರಾತ್ರಿಗಿಲ್ಲವಂತೆ. ಹೇಳಿ ದುಪಟ್ಟಾ ಕಚ್ಚಿದಳು.
ನನಗೆ ಹೇಳಲು ಏನಿತ್ತು?

ನಮ್ಮ ಗೋಡೆಯಲ್ಲೊಂದು ಕ್ಯಾಲೆಂಡರು,
ಅದರ ತುಂಬ ಅತ್ತೆ ಪಿಳ್ಳಮ್ಮನ ಅರಿಸಿನದ ಬೆರಳು.
ಸೋಮವಾರ ನಂದಿಯ ಸ್ವಾಮಿಯದು, ಮಂಗಳವಾರ ಗಂಗಮ್ಮನದು,
ಗುರುವಾರ ಬಾಬಾ, ಶುಕ್ರವಾರ ಕೇಳಲೇಬೇಡಿ,
ಶನಿವಾರ ತಿಮ್ಮಪ್ಪ. ಭಾನುವಾರ ನೆಂಟರು.
ಬುಧವಾರ ಮಿಕ್ಕಿತೆಂದರೆ ಅಂದೇ ಏಕಾದಶಿ,
ಇಲ್ಲ, ಇವರಿಗೆ ಫಿಲೇಚರಿನಲ್ಲಿ ರಾತ್ರಿ ಪಾಳಿ.
ಚಾಪೆ ಎರಡು, ನಡುವೆ ಒಂದು ಮೊಳ ನೆಲ.
ಇವರು ಒಳ್ಳೆಯವರು. ತಾಯಿ ಹಾಕಿದ ಗೆರೆ ದಾಟುವವರಲ್ಲ.
ನಿದ್ದೆಯಲ್ಲಿ ಕೈ ಚಾಚಿದರೂ ಎಚ್ಚೆತ್ತು
"ಗೋವಿಂದಾ" ಎಂದು ಎಳೆದುಕೊಳ್ಳುತ್ತಾರೆ.
ನನ್ನ ಮೈ ಏನು ಎಂಜಲೇ ಎಂದು ಕೇಳಲು
ಎರಡು ವರ್ಷ ಬಾಯಿ ಬರಲಿಲ್ಲ.

ಬಂದದ್ದು ಅತ್ತೆಯ ತಲೆಗೆ ಹರಳೆಣ್ಣೆ ಒತ್ತುವಾಗ,
ಅದೂ ಬೇರೆಯೇ ಮಾತಾಗಿ.
"ಇಷ್ಟೊಂದು ದೇವರು ಯಾಕತ್ತೆ?" ಅಂದೆ, ಅಷ್ಟೇ.
ಅವಳು ಬಹಳ ಹೊತ್ತು ಬಾಗಿಲ ಕಡೆ ನೋಡಿದಳು.

"ಎಂಟು ಹೆತ್ತೆ. ಮೂರು ಉಳಿದ್ವು.
ಬಾಣಂತಿ ನೀರು ಮೈಮೇಲೆ ಆರೋ ಮುಂಚೆ
ಬಂದುಬಿಡೋನು ನಿಮ್ಮಾವ.
ಬೇಡ ಅನ್ನಕ್ಕೆ ನಂಗೆ ಬಾಯಿತ್ತಾ? ದೇವ್ರಿಗಿತ್ತು.
ಮೊದ್ಲು ಸೋಮವಾರ ಹಿಡಿದೆ. ಹೆದರಿದ.
ಆಮೇಲೆ ಶನಿವಾರ.
ಗಂಗಮ್ಮನ್ನೂ ಒಂದ್ಸಲ ಮೈಮೇಲೆ ಬರಿಸ್ಕೊಂಡೆ,
ಮಂಗಳವಾರ ಸಿಕ್ತು.
ಶುಕ್ರವಾರ ನಮ್ಮವ್ವ ಕೊಟ್ಟಿದ್ದು, ಅದೊಂದು ನಿಜವಾಗ್ಲೂ ದೇವರದು.
ಮಿಕ್ಕಿದ್ದೆಲ್ಲಾ ನನ್ನವು ಕಣೆ."

ಏನು ಮಾಡುತ್ತಿದ್ದೆ ಆ ರಾತ್ರಿಗಳಲ್ಲಿ ಎಂದರೆ
"ನಿದ್ದೆ" ಅಂದಳು. "ಅಂಥಾ ನಿದ್ದೆ."
ಎಣ್ಣೆ ಕಿವಿಯ ಹಿಂದೆ ಇಳಿಯಿತು. ಇಬ್ಬರೂ ಒರೆಸಲಿಲ್ಲ.

ಆಮೇಲೆ ನನ್ನ ಕೈ ಹಿಡಿದು ಬೆರಳು ಮೂಸಿದಳು,
ಎಣ್ಣೆಯ ಅಡಿಯಲ್ಲೂ ಚಿಟ್ಟೆಯ ವಾಸನೆ.
"ದಿನಾ ಬಿಡಿಸ್ತೀಯಲ್ಲ ಅಲ್ಲಿ. ಇವನ್ನೂ ಬಿಡಿಸ್ಕೋ.
ಉದ್ಯಾಪನೆ ಆಯ್ತು ಅಂತ ಅವನಿಗೆ ನಾನೇ ಹೇಳ್ತೀನಿ."
ಎದ್ದು ಜಡೆ ಗಂಟು ಹಾಕಿಕೊಳ್ಳುತ್ತ,
ಗೋಡೆಯ ಕಡೆ ನೋಡದೆಯೇ,
"ಎಲ್ಲಾ ಬಿಡಬೇಡ," ಅಂದಳು.
"ಒಂದೆರಡು ವಾರ ಇಟ್ಕೋ. ಮುಂದೆ ಬೇಕಾದೀತು."