ಕಾಲಂ ನಾಲ್ಕು

ಅಳತೀಕೋಲು ಹಿಡದು ನಿಂತಾವ ನಾನು, ಮೂವತ್ತೊಂದು ವರ್ಷ.
ಓದಾವರು ಬ್ಯಾರೆ. ದೂರದಾಗ ಮೂರು ಕಾಲಿನ ದುರ್ಬೀನಿಗೆ
ಒಂದು ಕಣ್ಣು ಹಚ್ಚಿ, ಒಂದು ಮುಚ್ಚಿ
ಕೈ ಬೀಸತಿದ್ದರು ಕೆಂಜಳೆ ಸಾಹೇಬರು:
ಎಡಕ್ಕ. ಇನ್ನಷ್ಟು. ಹಾಂ, ಅಲ್ಲೇ ನಿಂದರು.
ನಿಂದರತಿದ್ದೆ.
ಕೋಲಿನ ಮ್ಯಾಲಿನ ಅಂಕಿ ಅವರಿಗೆ ಕಾಣತಿತ್ತು,
ಕೋಲಿನ ಬುಡ ನನಗ.

ಪುಣೆಕ್ಕ ಬಂದ ಹೊಸದಾಗಿ
ಮುಠಾ ನನಗ ಹೊಳಿ ಅನಸಲಿಲ್ಲ.
ಇಂಡಿ ಕಡಿಂದ ಬಂದಾವ, ಭೀಮಾ ಈಸಿದಾವ.
ಇದೇನು, ಎಮ್ಮಿ ಮಲಗಿದಂಗ ಒಂದಿಷ್ಟು ಕರೇ ನೀರು,
ದಂಡಿಗೆ ಮೆಂತೆ ಮಡಿ, ಒಣಗಿಸಿದ ಸೀರಿ.
ಇದೇ ನೀರು ತಿರುಗಿ ತಿರುಗಿ ಹೋಗಿ
ಭೀಮಾ ಕೂಡಿ, ನಮ್ಮೂರ ಕಟ್ಟಿ ತೊಳಿತೈತಿ ಅಂತ
ಸಾಹೇಬರ ನಕಾಶೆ ನೋಡಿದ ಮ್ಯಾಲೆ ತಿಳೀತು.

ನಕಾಶೆ ಮ್ಯಾಲೆ ಎರಡು ಗೆರಿ.
ನೀಲಿ: ಇಪ್ಪತ್ತೈದು ವರ್ಷಕ್ಕೊಮ್ಮೆ ಬರೋ ನೀರು.
ಕೆಂಪು: ನೂರು ವರ್ಷಕ್ಕೊಮ್ಮೆ ಬರೋ ನೀರು.
ಅವ್ವಗ ಹೇಳಿದರ ನಕ್ಕಳು:
ನೀರಿಗೆ ಪಂಚಾಂಗ ಓದಾಕ ಬರತೈತೇನೋ?

ಆ ದಿನ ಸುಡು ಬಿಸಲು. ಬಿಲ್ಡರನ ಮನುಷ್ಯಾ
ಫ್ಲಾಸ್ಕಿನಾಗ ಚಹಾ ತಂದಿದ್ದ, ನನಗೂ ಕೊಟ್ಟ.
ನೆಲದ ಮ್ಯಾಲೆ ಕೋಲು ಊರಿದೆ.
ಅಲ್ಲಲ್ಲ, ಅಂದರು ಸಾಹೇಬರು. ಆ ಕಲ್ಲಿನ ಮ್ಯಾಲೆ.
ಎರಡು ಗೇಣಿನ ಕಲ್ಲು. ಯಾರೋ ಬಟ್ಟಿ ಒಗೀತಿದ್ದ ಕಲ್ಲು,
ಸಬ್ಬಕಾರದ ಬಿಳುಪು ಇನ್ನೂ ಇತ್ತು.
ಹತ್ತಿ ನಿಂತೆ.
ಕೋಲು ಸುಳ್ಳು ಹೇಳೂದಿಲ್ಲ.
ಎಲ್ಲಿ ಊರತೀರಿ, ಅಲ್ಲಿಂದ ಖರೇ ಹೇಳತೈತಿ.
ಕಾಗದದಾಗ ನೆಲ ಒಂದೂವರಿ ಫೂಟು ಎದ್ದು ಕುಂತಿತು.
ನೀಲಿ ಗೆರಿ ಎದ್ದು, ದೊಡ್ಡವರಿಗೆ ದಾರಿ ಬಿಟ್ಟಂಗ,
ಹೊಳಿ ಕಡೆ ಎಂಬತ್ತು ಹೆಜ್ಜಿ ಸರದು ನಿಂತಿತು.

ನಾಕು ಬಿಲ್ಡಿಂಗು ಎದ್ದವು. ಕೆಳಗ ಪಾರ್ಕಿಂಗು,
ಗೇಟಿಗೆ ಹಿತ್ತಾಳಿ ಅಕ್ಷರದಾಗ ಹೊಳಿಯದೇ ಹೆಸರು.
ದವಾಖಾನಿ ನರ್ಸು, ಬಸ್ ಕಂಡಕ್ಟರು,
ಬಂಗಾರ ಒತ್ತಿ ಇಟ್ಟು ಬಂದ ಗಂಡ ಹೆಂಡತಿ.
ಅವರ ಚಪ್ಪಲಿ ಬಾಗಿಲಾಗ ನೋಡಿದಾಗೆಲ್ಲ
ನನ್ನ ಅಂಗಾಲಿಗೆ ಆ ಕಲ್ಲು ತಾಕತಿತ್ತು.

ಆಮ್ಯಾಲೆ ಆ ಆಷಾಢದ ರಾತ್ರಿ.
ಖಡಕವಾಸಲಾದ ಬಾಗಿಲು ತಗದರಂತ.
ಸೈರನ್ನು ಕೂಗಿತಂತ, ಕೇಳಿದಾವರು ಯಾರೂ ಸಿಗಲಿಲ್ಲ.
ನಸುಕಿನಾಗ ಹೋದೆ. ಸ್ಕೂಟರು ಒಂದರ ಮ್ಯಾಲೊಂದು
ಸಂತಿಯಿಂದ ಮರಳಿದ ಕುರಿಯಂಗ ಒತ್ತಿಕೊಂಡು ಬಿದ್ದಿದ್ದವು.
ಒಂದು ಹಾಸಿಗಿ, ಕಂಬಕ್ಕ ಅಪ್ಪಿಕೊಂಡಿತ್ತು.
ಕೆಳಗಿನ ಮನಿ ಗ್ವಾಡಿಗೆ ನೀರು ತನ್ನ ಗೆರಿ
ತಾನೇ ಎಳದು ಹೋಗಿತ್ತು, ಯಾರ ಕೋಲೂ ಕೇಳದ.
ಗೇಣು ಹಾಕಿದೆ.
ಎರಡೇ ಇರಲಿ, ಎರಡೇ ಇರಲಿ ಅಂತ ಹಾಕಿದೆ.
ಏಳು ಬಂತು.
ನನ್ನವು ಎರಡು. ಉಳದ ಐದು ಯಾರವು?
ಎಷ್ಟು ಕಲ್ಲಿನ ಮ್ಯಾಲೆ ಎಷ್ಟು ಮಂದಿ ನಿಂತಿದ್ದರು
ಈ ಹೊಳಿ ಉದ್ದಕ್ಕೂ?

ಈಗ ಹೊಸ ನಕಾಶೆ ಬಂದೈತಿ. ಮ್ಯಾಲಿನ ತಿರುವಿನ ಹಸರು ಬಣ್ಣ
ಹಳದಿ ಆಗತೈತಿ. ಬಡವರಿಗೆ ಎರಡು ಸಾವಿರ ಮನಿ.
ಮನಿ ಬ್ಯಾಡ ಅನ್ನಾಕ ನಾನು ಯಾರು?
ತಗಡಿನ ಕೆಳಗ ಬೆಂದಾವ.
ನನ್ನ ಮಗಳು ಸುಗಲಾನ ಹೆಸರೂ ಲಾಟರಿ ಯಾದಿಯೊಳಗ ಐತಿ.
ಅಪ್ಪಾ, ನೀ ಸುಮ್ಮನಿರು, ಅಂದಳು.
ಆಮ್ಯಾಲೆ ತಾನೇ ಕೇಳಿದಳು: ನೆಲಮಾಳಿಗಿ ಬಂದರ?

ಮೂವತ್ತು ದಿನದೊಳಗ ಆಕ್ಷೇಪಣೆ ಕೊಡಬೇಕಂತ.
ಕಾಲಂ ಒಂದು, ಹೆಸರು: ಮಲಕಪ್ಪ ಗುರಪ್ಪ ತಳಕೇರಿ.
ಎರಡು, ಪತ್ತೆ. ಮೂರು, ಸರ್ವೇ ನಂಬರು.
ಅದು ಬಾಯಿಪಾಠ.
ನಾಕು: ಸದರಿ ಜಮೀನಿನೊಳಗ ಅರ್ಜಿದಾರನ ಹಕ್ಕು, ಸಂಬಂಧ.
ಮಾಲಕರೇನು? ಅಂದಳು ಖಿಡಕಿಯೊಳಗಿನ ಹುಡುಗಿ.
ಅಲ್ಲ.
ಬಾಡಿಗಿ? ಕಬ್ಜಾ?
ಅಲ್ಲವ್ವ.
ಮತ್ತೇನಂತ ಬರೀಲಿ ಕಾಕಾ, ಹಿಂದ ಪಾಳಿ ಐತಿ.

ಪೆನ್ನು ಇಸಗೊಂಡು ನಾನೇ ಬರದೆ:
ಕೆಳಗಿನ ನಂಬರಿನ್ಯಾಗ ನಿಂತಿದ್ದೆ.
ಜಾಗಾ ಉಳದಿತ್ತು ಇನ್ನೊಂದು ಸಾಲಿಗೆ.
ಕಲ್ಲಿನ ಮ್ಯಾಲೆ, ಅಂತ ಕೂಡಿಸಿದೆ.

ಓದಲಿಲ್ಲ ಆಕಿ. ಶಿಕ್ಕಾ ಹೊಡದಳು,
ಪಾವತಿ ಹರದು ಕೊಟ್ಟಳು.
ಹೊರಗ ಮಳಿ. ಮೆಟ್ಟಿಲ ಮ್ಯಾಲೆ ಕೊಡಿ ಬಿಚ್ಚಾಕ ನಿಂತಾವ,
ಎಷ್ಟನೇ ಮೆಟ್ಟಿಲು ಅಂತ
ಕೆಳಗ ನೋಡಿಕೊಂಡೆ.