ಅಂಬಾಲಾ, ಅಂಕೋಲಾ

ಕಾರವಾರದ ಮೌಲ್ಯಮಾಪನ ಕೇಂದ್ರ, ಮೂರನೆಯ ಕೋಣೆ,
ಏಪ್ರಿಲ್ ಸೆಕೆ. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ
ನನ್ನ ಮೇಜಿನ ಮೇಲೊಂದು ಕಡಲದಂಡೆಯ ಕಲ್ಲು.
ಇಂದಿನ ಹದಿನಾಲ್ಕನೆಯ ಉತ್ತರಪತ್ರಿಕೆ.
ಹೆಸರಿಲ್ಲ, ಶಾಲೆಯಿಲ್ಲ, ಬರೀ ಅಂಕಿಗಳ ಸಾಲು;
ಈ ಮಗುವಿಗೆ ಇಲ್ಲಿ ಅಕ್ಷರವೇ ಮುಖ.
ಆ ಮುಖವನ್ನೋ ಅದು ಅಂಗೈಯಲ್ಲಿ ಮುಚ್ಚಿಕೊಂಡಿದೆ.

ಪ್ರಶ್ನೆ ಒಂದು ಅಂಕದ್ದು:
ಕರ್ನಾಟಕದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ಯಾವುದು?
ಉತ್ತರದಲ್ಲಿ 'ಅಂ' ಇದೆ. ಕೊನೆಗೆ 'ಲಾ' ಇದೆ.
ನಡುವೆ ಶಾಯಿಯ ರಾಡಿ.
ಅಂಕೋಲಾ ಎಂದರೆ ಅಂಕೋಲಾ,
ಅಂಬಾಲಾ ಎಂದರೆ ಅಂಬಾಲಾ.
ಎರಡರ ನಡುವೆ ಅರ್ಧ ದೇಶ,
ಒಂದು ಅಂಕ.

'ಓದಲಾಗದ್ದಕ್ಕೆ ಸೊನ್ನೆ ಟೀಚರ್, ಮುಂದೆ ಹೋಗಿ'
ಎಂದರು ಗುನಗಾ ಸರ್, ಚಹಾಕ್ಕೆ ಏಳುತ್ತ.
ನಿಯಮ ಸರಿಯೇ. ನಾನೂ ತರಗತಿಯಲ್ಲಿ ಗಂಟಲು ಹರಿದುಕೊಂಡವಳೇ:
'ಷಕಾರದ ಹೊಟ್ಟೆ ಸೀಳಿ, ಇಲ್ಲದಿದ್ದರೆ ವಿಷವೂ ವಿಪ!
ಒಂದು ಗೆರೆ ಮರೆತರೆ ಧನ ಹೋಗಿ ದನ ಬರುತ್ತದೆ,
ಆಮೇಲೆ ಕೊಟ್ಟಿಗೆ ಕಟ್ಟಿಸಿ!'
ಮಕ್ಕಳು ನಗುತ್ತಿದ್ದರು. ನಕ್ಕು, ಹಾಗೆಯೇ ಬರೆಯುತ್ತಿದ್ದರು.

ಆದರೆ ನಾನು ಅಂಕೋಲೆಯವಳು.
ನನ್ನ ಅವ್ವಿ ಉಪ್ಪಿನ ಆಗರದಲ್ಲಿ ಹಲಗೆ ಎಳೆದವಳು.
ಕೈ ಭಾರ ಬಿದ್ದರೆ ತಳದ ಕೆಸರೆದ್ದು ಉಪ್ಪು ಕಪ್ಪಾಗುತ್ತದೆ,
ಕಪ್ಪು ಉಪ್ಪಿಗೆ ಅರ್ಧ ಬೆಲೆ.
ನನ್ನ ಪಾಟಿ ನೋಡಿದಾಗಲೂ ಅವಳದು ಅದೇ ಮಾತು:
'ಎಂತಕೆ ಅಷ್ಟು ಒತ್ತುದು ಮಗಾ, ಹಗೂರ ಎಳಿ.'

ಈ ಮಗುವೂ ಒತ್ತಿದೆ. ಹಾಳೆಯ ಬೆನ್ನು ಸವರಿದರೆ
ಉಬ್ಬಿದ ಗೆರೆಗಳು ಬೆರಳಿಗೆ ಸಿಗುತ್ತವೆ.
ಗೊತ್ತಿಲ್ಲದವರು ಇಷ್ಟು ಒತ್ತುವುದಿಲ್ಲ.
ಅಥವಾ, ಗೊತ್ತಿಲ್ಲದವರೇ ಒತ್ತುವುದೋ?

ಪುಟ ತಿರುವಿದೆ, ಕಳ್ಳನ ಹೆಜ್ಜೆ ಹುಡುಕುವವಳಂತೆ.
ಒಂಬತ್ತನೆಯ ಉತ್ತರದಲ್ಲಿ 'ಬಾಂಗ್ಲಾ':
ಬಕಾರ ಹಸಿದ ಮರಿಯಂತೆ ಬಾಯಿ ತೆರೆದಿದೆ.
ಇಪ್ಪತ್ತಮೂರರಲ್ಲಿ 'ಕೋಟೆ':
ಕಕಾರದ ಸೊಂಟಕ್ಕೊಂದು ಗಂಟು, ಮುಂದೆ ಸೊಟ್ಟ ಬಾಲ.
ಹಿಂದೆ ಬಂದೆ. ಕಿಟಕಿಯ ಬೆಳಕಿಗೆ ಹಿಡಿದೆ.
ರಾಡಿಯೊಳಗೆ ಅದೇ ಗಂಟು,
ಅದೇ ಬಾಲ.
ಬಂದೆಯಾ ಮಗಾ, ಊರಿಗೆ!

ಒಂದು ಅಂಕ. ಆರು ನಿಮಿಷ.
ಎಲ್ಲರೂ ಇಷ್ಟು ಹುಡುಕುವುದಿಲ್ಲ,
ನಾಳೆ ನಾನೂ ಹುಡುಕಲಿಕ್ಕಿಲ್ಲ.
ಅದನ್ನು ಈ ಮಗುವಿಗೆ ಹೇಳುವುದು ಹೇಗೆ,
ಅಂಚಿನಲ್ಲಿ ಬರೆಯುವಂತಿಲ್ಲ, ಬರೆದರೂ
ಪತ್ರಿಕೆ ಕಟ್ಟಿನೊಳಗೆ ಸೇರಿ, ಕಟ್ಟು ಕಪಾಟಿಗೆ ಸೇರುತ್ತದೆ.

ಸಂಜೆ ಅಂಕಪಟ್ಟಿ ಒಪ್ಪಿಸಿ ಚಪ್ಪಲಿ ಮೆಟ್ಟುತ್ತಿದ್ದೆ.
ಪಟ್ಟಿ ನೋಡುವ ಹುಡುಗಿ, ಸದಾಶಿವಗಡದ ಶೆವಂತಿ, ಕೂಗಿದಳು:
'ಟೀಚರ್, ಆ ಹದಿನಾಲ್ಕನೆಯದು...
ಇದು ನಲವತ್ತೊಂದೋ, ನಲವತ್ತೇಳೋ?'

ಚಪ್ಪಲಿ ಬಿಟ್ಟು ಒಳಗೆ ಹೋದೆ.
ಕುರ್ಚಿ ಎಳೆದು ಕುಳಿತು
ಹಗೂರ ಬರೆದೆ.