ಕೊಯ್ದದ್ದು, ಕೊಯ್ಯದ್ದು

ಉಲಾನ್‌ಬಾತರಿನ ಉತ್ತರದ ಅಂಚಿನಲ್ಲಿ
ಹಳೇ ಕಂಟೇನರಿನೊಳಗೆ ನನ್ನ ಗ್ಯಾರೇಜು.
ಸಮುದ್ರವೇ ಇಲ್ಲದ ದೇಶಕ್ಕೆ ಹಡಗಿನ ಪೆಟ್ಟಿಗೆ
ಹೇಗೆ ಬಂತೆಂದು ಕೇಳಬೇಡಿ. ಬಂತು.
ಒಲೆಗೆ ಕಲ್ಲಿದ್ದಲು, ಗೋಡೆಗೆ ಉಣ್ಣೆಗಂಬಳಿ,
ಬಾಗಿಲ ಮೇಲೆ ಹೆಸರು: ದುಲಮ್‌ಸುರೇನ್.
ಕೆಳಗೆ, ಚಿಕ್ಕದಾಗಿ: ಆಯಿಲ್.

ಜನವರಿಯ ಕೊನೆಗೆ ತೊಮೊರ್‌ಹುಯಾಗ್ ಬಂದ.
ಹೆಸರಿಗೆ ಕಬ್ಬಿಣದ ಕವಚ, ಕಾಲಿಗೆ ತೂತು ಬೂಟು.
ಜಪಾನಿನವರು ಓಡಿಸಿ ಸಾಕಾಗಿ ಬಿಟ್ಟ ಪ್ರಿಯಸ್,
ಬಲಗಡೆ ಸ್ಟೇರಿಂಗು, ಮೂರು ಲಕ್ಷ ಕಿಲೋಮೀಟರು.
ಬೆಳಿಗ್ಗೆ ಚಾಲೂ ಮಾಡಿದರೆ ಮೊದಲ ಐದು ಸೆಕೆಂಡು
ಗಂಟಲಲ್ಲಿ ಜಲ್ಲಿ ಸಿಕ್ಕಿದಂತೆ ಕೆಮ್ಮುತ್ತದೆ, ಅಂದ.
ಹಬ್ಬಕ್ಕೆ ನಾಲ್ಕು ಹಾಸ್ಟೆಲ್ ಮಕ್ಕಳನ್ನು
ಅರ್ವೈಹೇರ್ ಮುಟ್ಟಿಸಬೇಕು. ದಾರಿಯಲ್ಲಿ ನಿಂತರೆ
ಗಾಳಿಯ ಹೊರತು ಯಾರೂ ಬಂದು ವಿಚಾರಿಸುವುದಿಲ್ಲ.

"ಕಂಪನಿಯದೋ, ಹೊರಗಿನದೋ?"
ಕಂಪನಿಯದು ನಲವತ್ತೆರಡು ಸಾವಿರ ತುಗ್ರಿಕ್,
ಹೊರಗಿನದು ಹನ್ನೊಂದು.
ಅವನ ಕೈ ನಲವತ್ತೆರಡರ ಮೇಲೆ, ಕಣ್ಣು ಹನ್ನೊಂದರ ಮೇಲೆ.

ಅಪ್ಪ ರಷ್ಯನ್ ಲಾರಿ ಓಡಿಸುವಾಗ
ಈ ಪ್ರಶ್ನೆಯೇ ಇರಲಿಲ್ಲ. ಒಂದೇ ಕಾರ್ಖಾನೆ, ಒಂದೇ ಫಿಲ್ಟರು,
ಅದೂ ಬರದ ವರ್ಷ ಹಳೆಯದನ್ನೇ ಪೆಟ್ರೋಲಿನಲ್ಲಿ
ಜಾಲಿಸಿ, ಕೊಡವಿ, ಮತ್ತೆ ತೊಡಿಸಿ,
"ದೇವರಿದ್ದಾನೆ" ಎಂದು ಬಾಯಿಬಿಟ್ಟು ಹೇಳಲಾಗದ ಕಾಲ,
"ಆಯ್ತು" ಅಂತಷ್ಟೇ ಅನ್ನುತ್ತಿದ್ದ.

ನಾಳೆ ಬಾ, ಅಂದೆ.
ರಾತ್ರಿ ಮೂರು ಫಿಲ್ಟರು ಹೊರಗೆ ಹಿಮದಲ್ಲಿಟ್ಟೆ:
ಕಂಪನಿಯದು, ಹೊರಗಿನದು, ಮತ್ತೆ
ಯಾರ ಮನೆಯದೆಂದು ಗೊತ್ತಿಲ್ಲದ ಹಸಿರು ಪೆಟ್ಟಿಗೆಯದು,
ಹತ್ತೊಂಬತ್ತು ಸಾವಿರ.
ಮೈನಸ್ ಮೂವತ್ನಾಲ್ಕು.
ಬೊಗಳಲು ನಾಯಿಗಳೂ ಬಾಯಿ ತೆರೆಯಲಿಲ್ಲ.

ಬೆಳಿಗ್ಗೆ ವೈಸಿಗೆ ಕಚ್ಚಿಸಿ, ಗರಗಸ ಆಡಿಸಿ
ಮೂರರದೂ ತಲೆ ತೆಗೆದೆ.
ಹಬ್ಬದ ಬೂಜ್ ಕಡುಬಿನ ನೆರಿಗೆ ಎಣಿಸುವ ಹಾಗೆ
ಒಳಗಿನ ಕಾಗದದ ನೆರಿಗೆ ಎಣಿಸಿದೆವು.
ಕಂಪನಿಯದಕ್ಕೆ ನಲವತ್ತೊಂದು, ಹೊರಗಿನದಕ್ಕೆ ಐವತ್ತೈದು!
ಅವನ ಮುಖ ಅರಳಿತು. ತಡಿ, ಅಂದೆ.
ಒಳಗೊಂದು ರಬ್ಬರಿನ ನಾಲಿಗೆ ಇದೆ, ನೋಡು.
ಇಂಜಿನ್ನು ಮಲಗಿದ ಮೇಲೆ ಎಣ್ಣೆ ತಳಕ್ಕೆ ಜಾರದಂತೆ
ಇಡೀ ರಾತ್ರಿ ಬಾಯಿ ಮುಚ್ಚಿಕೊಂಡಿರುವುದು ಇದರ ಕೆಲಸ.
ಹೆಬ್ಬೆರಳಿಟ್ಟು ಒತ್ತಿದೆ.
ಐವತ್ತೈದು ನೆರಿಗೆಯದರ ನಾಲಿಗೆ ಕರ್ರಗೆ, ಒಣ ತೊಗಟೆ,
ಮಡಿಸಿದರೆ ಚಟ್ಟನೆ ಸೀಳಿತು.
ಕಂಪನಿಯದು ಕಿತ್ತಳೆ ಬಣ್ಣ,
ಕುರಿಮರಿಯ ಕಿವಿಯಂತೆ ಬಗ್ಗಿತು.
ಹಸಿರು ಪೆಟ್ಟಿಗೆಯದು? ಅದೂ ಕಿತ್ತಳೆ. ಅದೂ ಕಿವಿ.
ನೆರಿಗೆ ನಲವತ್ತೆಂಟು.

"ಹಾಗಾದರೆ ಇದನ್ನೇ ಹಾಕಿಬಿಡಿ ಅಕ್ಕಾ."
ಇದನ್ನು ಹೇಗೆ ಹಾಕಲಿ, ಕೊಯ್ದಾಯಿತಲ್ಲ?
ಹಾಕುವುದು ಇದರ ತಮ್ಮನನ್ನು.
ಅವನ ಹೊಟ್ಟೆಯೊಳಗೇನಿದೆಯೋ ನಾನೂ ಕಂಡಿಲ್ಲ.
ಕಂಡದ್ದನ್ನು ಹಾಕಲಾಗದು, ಹಾಕಿದ್ದನ್ನು ಕಾಣಲಾಗದು.
ಐದು ಸಾವಿರ ಕಿಲೋಮೀಟರು ಓಡಿಸಿಕೊಂಡು ಬಾ,
ಆಗ ಬೇಕಾದರೆ ಕೊಯ್ದು ತೋರಿಸುತ್ತೇನೆ.

"ಕಂಪನಿಯ ಪೆಟ್ಟಿಗೆಯಲ್ಲೂ ನಕಲಿ ಬರುತ್ತದಂತೆ?"
ಬರುತ್ತದೆ.
"ಮತ್ತೆ?"
ಮತ್ತೇನಿಲ್ಲ. ಉಪ್ಪು ಚಹಾ ಕುಡಿ, ಆರುತ್ತಿದೆ.

ಹತ್ತೊಂಬತ್ತು ಎಣಿಸಿ ಇಟ್ಟ, ಎರಡು ಸಲ ಎಣಿಸಿ.
ರಬ್ಬರಿನ ಬಳೆಗೆ ಬೆರಳಲ್ಲಿ ಎಣ್ಣೆ ಸವರಿ
ಕೈಯಿಂದಲೇ ತಿರುಗಿಸಿ ಕೂರಿಸಿದೆ,
ಮುಟ್ಟಿದ ಮೇಲೆ ಮುಕ್ಕಾಲು ಸುತ್ತು, ಹೆಚ್ಚಿಲ್ಲ.
ಕೊಯ್ದ ಮೂರರ ಲೆಕ್ಕ ಎಪ್ಪತ್ತೆರಡು ಸಾವಿರ
ನನ್ನ ಪುಸ್ತಕದಲ್ಲಿ ಇನ್ನೂ ಹಾಗೇ ಇದೆ.
ತಲೆಯಿಲ್ಲದ ಡಬ್ಬಿಗಳಲ್ಲಿ ಈಗ ಬೋಲ್ಟು ತುಂಬಿಟ್ಟಿದ್ದೇನೆ.

ಮಾರನೇ ದಿನ ಬೆಳಗಿನ ಐದಕ್ಕೆ ಫೋನು.
ಅವನು ಮಾತಾಡಲಿಲ್ಲ. ಬಾನೆಟ್ಟಿಗೆ ಹಿಡಿದಿದ್ದನೆಂದು ಕಾಣುತ್ತದೆ.
ಕಿಟಕಿ ಸೀಟಿಗಾಗಿ ಮಕ್ಕಳ ಜಗಳ ಕೇಳಿಸಿತು,
ಯಾವುದೋ ಹುಡುಗಿ ಗೆದ್ದದ್ದು ಕೇಳಿಸಿತು.
ಕೆಮ್ಮು ಕೇಳಿಸಲಿಲ್ಲ.